ಕುದ್ಮುಲ್ ರಂಗರಾಯರು (1859–1928): ಜೀತದ ಮನೆಗಳಿಗೆ ಶಾಲೆ ಮತ್ತು ಕಸುಬನ್ನು ಒಯ್ದವರು

ಜೀತವಿಮುಕ್ತ ಕುಟುಂಬಗಳ ಪುನರ್ವಸತಿ, ವಿದ್ಯಾರ್ಥಿನಿಲಯ ಪ್ರವೇಶ, ವಿದ್ಯಾರ್ಥಿವೇತನ ಹಾಗೂ ವೃತ್ತಿ ತರಬೇತಿಗಾಗಿ ಅರ್ಜಿ ಸಲ್ಲಿಸುವ ನಾಗರಿಕರ ಮಾಹಿತಿಗಾಗಿ ಈ ಜೀವನ ಪರಿಚಯವನ್ನು ಇಲ್ಲಿ ನೀಡಲಾಗಿದೆ. ಈ ಸೌಲಭ್ಯಗಳು ಇಂದು ಬೇರೆ ಬೇರೆ ಇಲಾಖೆಗಳ ಬೇರೆ ಬೇರೆ ನಮೂನೆಗಳಲ್ಲಿ ದೊರೆಯುತ್ತವೆ. ಆದರೆ ಇವು ಒಂದಕ್ಕೊಂದು ಸೇರಿದ ಸೌಲಭ್ಯಗಳೆಂಬುದನ್ನು ನಮ್ಮ ನಾಡಿನಲ್ಲಿ ಕಾರ್ಯತಃ ಕಂಡುಕೊಂಡವರಲ್ಲಿ ಮಂಗಳೂರಿನ ಶ್ರೀ ಕುದ್ಮುಲ್ ರಂಗರಾಯರು ಮೊದಲ ಸಾಲಿನವರು.

ಜನನ ಮತ್ತು ಆರಂಭದ ದಿನಗಳು

ಶ್ರೀ ರಂಗರಾಯರು 1859ನೇ ಇಸವಿ ಜೂನ್ 29ರಂದು ಕಾಸರಗೋಡಿನಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ದೇವಪ್ಪಯ್ಯ, ತಾಯಿ ಗೌರಿ. ಈಗ ಕೇರಳ ರಾಜ್ಯಕ್ಕೆ ಸೇರಿರುವ ಕಾಸರಗೋಡು ಆಗ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ರಂಗರಾಯರು ಜೀವನೋಪಾಯವನ್ನು ಅರಸಿ ಮಂಗಳೂರಿಗೆ ಬಂದರು. ಮಾಸಿಕ 8 ರೂಪಾಯಿ ಸಂಬಳಕ್ಕೆ ಶಾಲಾ ಉಪಾಧ್ಯಾಯರಾಗಿ ಕೆಲಸಕ್ಕೆ ಸೇರಿ, ದುಡಿಯುತ್ತಲೇ ಓದನ್ನು ಮುಂದುವರಿಸಿ ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆಯಾದರು. ವಕೀಲರಾದ ಮೇಲೆ ಬಡವರ ಪರವಾಗಿ ವಾದಿಸುವವರೆಂದು ಹೆಸರಾದರು.

ಆ ಕಾಲದ ಮಂಗಳೂರಿನಲ್ಲಿ ಹೊಸ ವಿಚಾರಗಳು ಬೇರೂರತೊಡಗಿದ್ದವು. 1870ರಲ್ಲಿ ಇಲ್ಲಿ ಬ್ರಹ್ಮಸಮಾಜವು ಸ್ಥಾಪನೆಯಾಗಿತ್ತು. ಅದರ ಮುಂದಾಳುಗಳಲ್ಲಿ ಒಬ್ಬರಾದ ಉಳ್ಳಾಲ ರಘುನಾಥಯ್ಯನವರ ಪ್ರಭಾವವು ತರುಣ ರಂಗರಾಯರ ಮೇಲೆ ಆಳವಾಗಿ ಉಂಟಾಯಿತು. ಇನ್ನೊಂದೆಡೆ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಸಂಸ್ಥೆಯು ಶಾಲೆಗಳ ಜೊತೆಗೆ ಮುದ್ರಣಾಲಯ, ನೇಯ್ಗೆ ಶಾಲೆ, ಹೆಂಚಿನ ಕಾರ್ಖಾನೆಗಳನ್ನೂ ನಡೆಸುತ್ತಿತ್ತು. ಮತಾಂತರಗೊಂಡು ಹಳೆಯ ಆಸರೆಯನ್ನು ಕಳೆದುಕೊಂಡವರಿಗೆ ಕೆಲಸ ಒದಗಿಸುವುದು ಆ ಉದ್ಯಮಗಳ ಒಂದು ಮುಖ್ಯ ಉದ್ದೇಶವಾಗಿತ್ತು. ಅಕ್ಷರ ಕಲಿತವನಿಗೆ ಕೈಗೊಂದು ಕೆಲಸವೂ ಬೇಕೆಂಬ ಪಾಠ ಮಂಗಳೂರಿನವರ ಕಣ್ಣೆದುರಿಗೇ ಇತ್ತು.

ಮೂಲದಾಳು ಮತ್ತು ಸಾಲದಾಳು

ರಂಗರಾಯರ ಕೆಲಸದ ತೂಕವನ್ನು ಅರಿಯಬೇಕಾದರೆ ಅಂದಿನ ದಕ್ಷಿಣ ಕನ್ನಡದ ಬೇಸಾಯದ ಸ್ಥಿತಿಯನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅವಶ್ಯಕ.

ತುಳುನಾಡಿನ ಬಯಲುಗಳಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ವರ್ಷಕ್ಕೆ ಮೂರು ಭತ್ತದ ಬೆಳೆಗಳನ್ನು ತೆಗೆಯುವ ಪದ್ಧತಿ ಇತ್ತು. ನೀರಿನ ಆಸರೆಯುಳ್ಳ ಗದ್ದೆಗಳಲ್ಲಿ ಉಳುವ, ನೆಡುವ, ಕೊಯ್ಯುವ ಕೆಲಸವು ವರ್ಷದ ಬಹುಭಾಗ ನಡೆದೇ ಇರುತ್ತಿತ್ತು. ಈ ದುಡಿಮೆಯ ದೊಡ್ಡ ಪಾಲನ್ನು ಹೊತ್ತವರು ಇಂದು ಪರಿಶಿಷ್ಟ ಜಾತಿಗಳೆಂದು ಗುರುತಿಸಲ್ಪಟ್ಟಿರುವ ಸಮುದಾಯಗಳ ಜನ. 1801ರಲ್ಲಿ ಈ ಜಿಲ್ಲೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅವರು, ಇಲ್ಲಿ ಆಳುಗಳನ್ನು ಕೊಳ್ಳುವ, ಮಾರುವ, ಒತ್ತೆ ಇಡುವ ರೂಢಿ ಇದ್ದುದನ್ನು ದಾಖಲಿಸಿದ್ದಾರೆ. 1843ರ 5ನೇ ಕಾಯ್ದೆಯ ಪ್ರಕಾರ ಗುಲಾಮರ ಮೇಲಿನ ಒಡೆತನದ ಹಕ್ಕನ್ನು ಯಾವ ನ್ಯಾಯಾಲಯವೂ ಮಾನ್ಯ ಮಾಡತಕ್ಕದ್ದಲ್ಲವೆಂದು ವಿಧಿಸಲಾಯಿತು. 1862ರಲ್ಲಿ ಜಾರಿಗೆ ಬಂದ ಭಾರತೀಯ ದಂಡ ಸಂಹಿತೆಯು ಗುಲಾಮರ ವ್ಯಾಪಾರವನ್ನು ಅಪರಾಧವೆಂದು ಸಾರಿತು.

ಕಾಗದದ ಮೇಲೆ ಗುಲಾಮಗಿರಿ ಹೋಯಿತು. ಗದ್ದೆಯಲ್ಲಿ ಅದು ಹೆಸರು ಬದಲಿಸಿಕೊಂಡು ಉಳಿಯಿತು. 1894ರ ದಕ್ಷಿಣ ಕನ್ನಡ ಜಿಲ್ಲಾ ಕೈಪಿಡಿಯು ಇಂತಹ ದುಡಿಮೆಗಾರರಲ್ಲಿ ಎರಡು ವರ್ಗಗಳನ್ನು ಗುರುತಿಸುತ್ತದೆ. ಜಮೀನಿನೊಂದಿಗೆ ತಲೆಮಾರುಗಳಿಂದ ಅಂಟಿಕೊಂಡು ಬಂದವರು ಮೂಲದವರು. ಸಾಲದ ಕಾರಣದಿಂದ ಧಣಿಯ ಕೆಲಸಕ್ಕೆ ಕಟ್ಟುಬಿದ್ದವರು ಸಾಲದವರು. ಇವರಿಬ್ಬರ ನಡುವೆ ವಾಸ್ತವವಾಗಿ ಹೆಚ್ಚಿನ ವ್ಯತ್ಯಾಸ ಉಳಿದಿರಲಿಲ್ಲ. ಸಾಲವೆಂದರೆ ಬಹುಮಟ್ಟಿಗೆ ಮದುವೆಯ ಖರ್ಚಿಗೆ ಪಡೆದ ಕೆಲವೇ ರೂಪಾಯಿಗಳು. ಆದರೆ ಕೂಲಿಯು ಹಣದ ರೂಪದಲ್ಲಿ ಸಿಗದೆ ದಿನದ ಪಡಿಯಾಗಿ ಅಕ್ಕಿ ಅಥವಾ ಭತ್ತದ ರೂಪದಲ್ಲಿ ಸಿಗುತ್ತಿದ್ದುದರಿಂದ ಆ ಕೆಲವು ರೂಪಾಯಿಗಳನ್ನು ತೀರಿಸುವ ದಾರಿಯೇ ಇರಲಿಲ್ಲ. ದುಡಿಮೆಯು ಬಡ್ಡಿಗೆ ಸಂದಾಯವಾಗುತ್ತಿತ್ತು. ಅಸಲು ಹಾಗೆಯೇ ಉಳಿಯುತ್ತಿತ್ತು. ಗುಡಿಸಲು ನಿಂತಿದ್ದ ಜಾಗವೂ ಧಣಿಯದೇ. ಆದ್ದರಿಂದ ಕೆಲಸ ಬಿಟ್ಟವನಿಗೆ ಅಂದೇ ಸೂರೂ ಇಲ್ಲವಾಗುತ್ತಿತ್ತು.

ಕೊರಗ ಸಮುದಾಯದವರ ಸ್ಥಿತಿ ಇದಕ್ಕಿಂತಲೂ ಹೀನವಾಗಿತ್ತು. ಬೀಳು, ಬಿದಿರುಗಳಿಂದ ಬುಟ್ಟಿ ಹೆಣೆಯುವ ಕೈಕೌಶಲ್ಯವಿದ್ದರೂ ಅಜಲು ಎಂಬ ಅಮಾನವೀಯ ಸೇವೆಗಳಿಗೆ ಅವರನ್ನು ಕಟ್ಟಿಹಾಕಲಾಗಿತ್ತು. ಈ ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ ಸರ್ಕಾರವು 2000ನೇ ಇಸವಿಯಲ್ಲಿ ಪ್ರತ್ಯೇಕ ಅಧಿನಿಯಮವನ್ನೇ ತರಬೇಕಾಯಿತೆಂಬುದು, ಅದು ಎಷ್ಟು ಆಳವಾಗಿ ಬೇರುಬಿಟ್ಟಿತ್ತೆಂಬುದಕ್ಕೆ ಸಾಕ್ಷಿ.

ಇಂತಹ ಮನೆಯಲ್ಲಿ ಹುಟ್ಟಿದ ಮಗು ನಡೆಯಲು ಕಲಿತ ಕೆಲವೇ ವರ್ಷಗಳಲ್ಲಿ ಧಣಿಯ ದನ ಮೇಯಿಸಲು ಹೋಗುತ್ತಿತ್ತು. ಆ ಮಗುವಿನ ದುಡಿಮೆಯ ಪ್ರತಿಫಲವಾದ ಊಟವು ಮನೆಯ ಲೆಕ್ಕದಲ್ಲಿ ಮೊದಲೇ ಸೇರಿಹೋಗಿರುತ್ತಿತ್ತು. ರಂಗರಾಯರು ಶಾಲೆಯನ್ನು ತೆರೆಯಲು ಹೊರಟದ್ದು ಈ ಲೆಕ್ಕದ ಎದುರಿಗೆ.

ಬೆಂದೂರು ಬಾಬು ಪ್ರಕರಣ

1888ರಲ್ಲಿ ಬೆಂದೂರು ಬಾಬು ಎಂಬ ದಲಿತ ಯುವಕನಿಗೆ ಮಂಗಳೂರಿನ ನ್ಯಾಯಾಲಯದಲ್ಲಿ ಜವಾನನ ಹುದ್ದೆ ದೊರೆಯಿತು. ಆತನು ಓದಿದ್ದು ನಾಲ್ಕನೇ ತರಗತಿಯವರೆಗೆ ಮಾತ್ರ. ಈ ಭಾಗದಲ್ಲಿ ಸರ್ಕಾರಿ ಕೆಲಸ ಪಡೆದ ಮೊದಲ ದಲಿತ ವ್ಯಕ್ತಿ ಈತನೆಂದು ಹೇಳಲಾಗುತ್ತದೆ. ನ್ಯಾಯಾಲಯದೊಳಗೆ ಆತನು ಕಾಗದಪತ್ರಗಳನ್ನು ಹಿಡಿದು ಓಡಾಡುವುದನ್ನು ಮೇಲ್ಜಾತಿಯವರು ಸಹಿಸಲಿಲ್ಲ. ಊರಿನಲ್ಲಿ ದೊಡ್ಡ ಗದ್ದಲವೇ ಎದ್ದಿತು.

ಅದೇ ನ್ಯಾಯಾಲಯದ ವಕೀಲ ವೃಂದಕ್ಕೆ ಸೇರಿದ್ದ ರಂಗರಾಯರ ಮನಸ್ಸನ್ನು ಈ ಪ್ರಕರಣವು ಕಲಕಿತು. ಕಾನೂನು ಆ ಯುವಕನ ಪರವಾಗಿತ್ತು, ಅರ್ಹತೆಯೂ ಇತ್ತು, ನೇಮಕವೂ ಆಗಿತ್ತು. ಆದರೂ ಒಬ್ಬಂಟಿಯಾದ ಕಾರಣ ಆತನು ಇಡೀ ಊರಿನ ವಿರೋಧಕ್ಕೆ ಗುರಿಯಾದನು. ಓದು ಬರಹ ಬಲ್ಲ ಒಬ್ಬನು ಸಾಲದು, ಒಂದು ತಲೆಮಾರೇ ಓದಬೇಕೆಂಬ ನಿರ್ಧಾರಕ್ಕೆ ಅವರು ಬಂದದ್ದು ಈ ಘಟನೆಯ ನಂತರ.

1892: ಮೊದಲ ಶಾಲೆ

1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಬಾಡಿಗೆಯ ಕಟ್ಟಡವೊಂದರಲ್ಲಿ ದಲಿತ ಮಕ್ಕಳಿಗಾಗಿ ಪ್ರಾಥಮಿಕ ಶಾಲೆಯನ್ನು ತೆರೆಯಲಾಯಿತು. ಅಡ್ಡಿಗಳು ಒಂದೆರಡಲ್ಲ. ಪಾಠ ಹೇಳಲು ಉಪಾಧ್ಯಾಯರು ಮುಂದೆ ಬರಲಿಲ್ಲ. ಕೊನೆಗೆ ಕ್ರೈಸ್ತ ಉಪಾಧ್ಯಾಯರ ನೆರವು ಪಡೆಯಲಾಯಿತು. ಸ್ವಜಾತಿಯವರು ರಂಗರಾಯರಿಗೂ ಅವರ ಕುಟುಂಬಕ್ಕೂ ಬಹಿಷ್ಕಾರ ಹಾಕಿದರು. ಕ್ಷೌರಿಕರು ಮತ್ತು ಅಗಸರು ಅವರ ಮನೆಗೆ ಬರುವುದನ್ನು ನಿಲ್ಲಿಸಿದರು. ದಾರಿಯಲ್ಲಿ ನಡೆಯುವಾಗ ಕಲ್ಲು ಸೆಗಣಿ ಎಸೆದ ಸಂದರ್ಭಗಳೂ ಉಂಟು. ಶಾಲೆಯು ಒಂದೆಡೆ ನೆಲೆ ನಿಲ್ಲಲಾಗದೆ ಸ್ಥಳ ಬದಲಿಸುತ್ತ ಸಾಗಬೇಕಾಯಿತು.

ಇವೆಲ್ಲ ಹೊರಗಿನ ಅಡ್ಡಿಗಳು. ಒಳಗಿನ ಅಡ್ಡಿಯು ಇವುಗಳಿಗಿಂತ ಕಠಿಣವಾಗಿತ್ತು: ಮಕ್ಕಳೇ ಬರುತ್ತಿರಲಿಲ್ಲ. ಬಂದವರು ನೇಜಿ ನೆಡುವ ಕಾಲಕ್ಕೆ, ಕೊಯ್ಲಿನ ಕಾಲಕ್ಕೆ ಕಾಣೆಯಾಗುತ್ತಿದ್ದರು. ಇದನ್ನು ತಂದೆತಾಯಿಯರ ಅಜ್ಞಾನವೆಂದು ಬಗೆದು ಉಪದೇಶ ಮಾಡುವುದು ಸುಲಭವಿತ್ತು. ರಂಗರಾಯರು ಹಾಗೆ ಮಾಡಲಿಲ್ಲವೆಂಬುದೇ ಅವರ ವಿಶೇಷ. ಶಾಲೆಗೆ ಬಂದ ಪ್ರತಿ ಮಗುವಿನ ಲೆಕ್ಕದಲ್ಲಿ ದಿನಕ್ಕೆ ಎರಡು ಪೈಸೆಯನ್ನು ಪಾಲಕರಿಗೆ ನೀಡುವ ಏರ್ಪಾಡು ಮಾಡಿದರು. ಮಧ್ಯಾಹ್ನದ ಊಟವನ್ನು ಶಾಲೆಯಲ್ಲಿಯೇ ಕೊಡತೊಡಗಿದರು. ಮಗುವಿನ ದುಡಿಮೆಯಿಂದ ಮನೆಗೆ ಬರುತ್ತಿದ್ದುದನ್ನು ಶಾಲೆಯೇ ತುಂಬಿಕೊಟ್ಟಿತು.

ಎರಡು ಪೈಸೆಯೆಂದರೆ ಇಂದಿನವರಿಗೆ ನಗು ಬಂದೀತು. ಆಗ ರೂಪಾಯಿಗೆ 64 ಪೈಸೆ. ತಿಂಗಳಿಗೆ 25 ದಿನ ಶಾಲೆ ನಡೆಯಿತೆಂದು ಇಟ್ಟುಕೊಂಡರೆ ಹತ್ತು ಮಕ್ಕಳಿಗೆ ಕೊಡಬೇಕಾದ ಮೊತ್ತವು 7 ರೂಪಾಯಿ 13 ಆಣೆಗಳಾಗುತ್ತದೆ. ಅದು ರಂಗರಾಯರು ಉಪಾಧ್ಯಾಯರಾಗಿದ್ದಾಗ ಪಡೆಯುತ್ತಿದ್ದ ಒಂದು ತಿಂಗಳ ಸಂಬಳಕ್ಕೆ ಹೆಚ್ಚುಕಡಿಮೆ ಸಮ. ಈ ಹಣವನ್ನು ಅವರು ಸ್ವಂತ ಗಳಿಕೆಯಿಂದ ಮತ್ತು ದಾನಿಗಳಿಂದ ಕೂಡಿಸಬೇಕಾಗಿತ್ತು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟವು ಆರಂಭವಾದದ್ದು 2002ರಲ್ಲಿ. ಅಂದರೆ ಮಂಗಳೂರಿನ ಈ ಮೊದಲ ಶಾಲೆ ತೆರೆದು 110 ವರ್ಷಗಳ ನಂತರ.

ಡಿಪ್ರೆಸ್ಡ್ ಕ್ಲಾಸಸ್ ಮಿಷನ್

1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ರಂಗರಾಯರು ವಿಧಿವತ್ತಾಗಿ ಸ್ಥಾಪಿಸಿದರು. ಜನರ ಬಾಯಲ್ಲಿ ಇದು ಡಿ.ಸಿ.ಎಂ. ಎಂದೇ ರೂಢಿಯಾಯಿತು. ಕಾಲಕ್ರಮದಲ್ಲಿ ವಕೀಲಿ ವೃತ್ತಿಯನ್ನು ತೊರೆದು ಪೂರ್ಣಾವಧಿಯನ್ನು ಈ ಕೆಲಸಕ್ಕೇ ಮೀಸಲಿಟ್ಟರು. ಕೊಡಿಯಾಲಬೈಲಿನ ಶೇಡಿಗುಡ್ಡೆಯು ಸಂಸ್ಥೆಯ ಕೇಂದ್ರವಾಯಿತು. ಕಂಕನಾಡಿ, ಬೋಳೂರು, ಅತ್ತಾವರ, ಮೂಲ್ಕಿ, ಉಡುಪಿ ಮೊದಲಾದೆಡೆ ಶಾಲೆಗಳು ತೆರೆದವು. ದೂರದ ಊರುಗಳ ಮಕ್ಕಳಿಗಾಗಿ ವಿದ್ಯಾರ್ಥಿನಿಲಯವನ್ನು ಆರಂಭಿಸಲಾಯಿತು.

ವಿದ್ಯಾರ್ಥಿನಿಲಯದ ಮಹತ್ವವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಹಗಲು ಶಾಲೆಗೆ ಬಂದ ಮಗು ಸಂಜೆ ಮರಳುವುದು ಧಣಿಯ ಜಮೀನಿನ ಗುಡಿಸಲಿಗೇ. ಅಲ್ಲಿ ದೀಪಕ್ಕೆ ಎಣ್ಣೆಯಿಲ್ಲ. ಬೆಳಿಗ್ಗೆ ಗದ್ದೆಗೆ ಕರೆ ಬಂದರೆ ಇಲ್ಲವೆನ್ನುವಂತಿಲ್ಲ. ವಸತಿಯು ಆ ಕರೆಗೂ ಮಗುವಿಗೂ ನಡುವೆ ದೂರವನ್ನು ಉಂಟುಮಾಡಿತು. ಇಂದು ವಿದ್ಯಾರ್ಥಿನಿಲಯ ಪ್ರವೇಶಕ್ಕೆ ಅರ್ಜಿ ಸಲ್ಲಿಸುವ ಅನೇಕ ಪಾಲಕರಿಗೆ ಈ ಮಾತಿನ ಅರ್ಥವನ್ನು ವಿವರಿಸಬೇಕಾಗಿಲ್ಲ.

ಜಮಖಂಡಿಯಲ್ಲಿ ಜನಿಸಿದ ವಿಠ್ಠಲ ರಾಮಜಿ ಶಿಂದೆಯವರು ಇದೇ ಉದ್ದೇಶದ ಅಖಿಲ ಭಾರತ ಮಟ್ಟದ ಸಂಸ್ಥೆಯನ್ನು ಮುಂಬಯಿಯಲ್ಲಿ ಸ್ಥಾಪಿಸಿದ್ದು 1906ರಲ್ಲಿ. ಮಂಗಳೂರಿನ ಕೆಲಸವು ಅದಕ್ಕಿಂತ ಹಲವು ವರ್ಷ ಮೊದಲೇ ಆರಂಭವಾಗಿತ್ತು.

ಕಸುಬಿನ ಶಿಕ್ಷಣ

ಶೇಡಿಗುಡ್ಡೆಯಲ್ಲಿ ಶಾಲೆಯ ಜೊತೆಗೆ ಕೈಗಾರಿಕಾ ತರಬೇತಿ ಶಾಲೆಯನ್ನೂ ತೆರೆಯಲಾಯಿತು. ಮರಗೆಲಸ, ಮಗ್ಗದ ನೇಯ್ಗೆ, ತೋಟಗಾರಿಕೆ, ರೇಷ್ಮೆ ಕೃಷಿ ಮುಂತಾದ ವಿಷಯಗಳಲ್ಲಿ ತರಬೇತಿ ನೀಡಲಾಗುತ್ತಿತ್ತು.

ಈ ಆಯ್ಕೆಯ ಹಿಂದಿದ್ದ ವಿವೇಕವನ್ನು ಗಮನಿಸಬೇಕು. ಮೂಲದಾಳಿನ ಮಗನಿಗೆ ಬೇಸಾಯದ ಕೆಲಸವೆಲ್ಲ ಬರುತ್ತಿತ್ತು. ಆದರೆ ಆ ಕೆಲಸಕ್ಕೆ ಗದ್ದೆ ಬೇಕು, ಗದ್ದೆ ಧಣಿಯದು. ಕೈಯಲ್ಲಿ ಉಳಿ, ಕೊಡತಿ ಇದ್ದವನು ಯಾವ ಊರಿಗೆ ಹೋದರೂ ಕೂಲಿಯನ್ನು ಹಣದ ರೂಪದಲ್ಲಿ ಪಡೆಯಬಲ್ಲನು. ಬಡಗಿಯ ಕೂಲಿಗೆ ಬೆಲೆ ಕಟ್ಟುವವರು ಹಲವರು. ಆಳಿನ ಪಡಿಯನ್ನು ಅಳೆಯುವವನು ಒಬ್ಬನೇ. ಹಣದ ಕೂಲಿ ದೊರೆತಾಗ ಮಾತ್ರ ಹಳೆಯ ಸಾಲವನ್ನು ತೀರಿಸುವ ಮಾತು ಸಾಧ್ಯವಾಗುತ್ತಿತ್ತು. ಅಕ್ಷರವು ಸಾಲದ ಪತ್ರವನ್ನು ಓದಲು ಕಲಿಸಿದರೆ, ಕಸುಬು ಅದನ್ನು ಹರಿಯಲು ಬೇಕಾದ ಹಣವನ್ನು ದುಡಿಸಿತು.

ಎಲ್ಲ ಕಸುಬುಗಳೂ ಸಮನಾಗಿ ಫಲಿಸಿದವೆಂದು ಭಾವಿಸಬೇಕಾಗಿಲ್ಲ. ಕರಾವಳಿಯ ತೇವದ ಹವೆ ಮತ್ತು ದೀರ್ಘ ಮಳೆಗಾಲ ರೇಷ್ಮೆ ಹುಳು ಸಾಕಣೆಗೆ ಹೇಳಿ ಮಾಡಿಸಿದವಲ್ಲ. ಜಾತಿಗೆ ಅಂಟಿಸಿದ ಕೆಲಸವನ್ನು ಬಿಟ್ಟು ಬೇರೆ ಕೆಲಸವನ್ನೂ ಮಾಡಬಹುದೆಂಬ ಧೈರ್ಯವನ್ನು ಈ ಪ್ರಯತ್ನಗಳು ತುಂಬಿದವು ಎಂಬುದು ಮುಖ್ಯ. ಸಂಸ್ಥೆಯ ಶಾಲೆಗಳಲ್ಲಿ ಓದಿದವರಲ್ಲಿ ಕೆಲವರು ಅಲ್ಲಿಯೇ ಉಪಾಧ್ಯಾಯರಾದರು. ಹೊರಗಿನಿಂದ ಉಪಾಧ್ಯಾಯರನ್ನು ಬೇಡಬೇಕಾದ ಕಾಲ ಹೀಗೆ ಕಳೆಯಿತು.

ನಿವೇಶನ, ಮನೆ, ಸಹಕಾರ ಸಂಘ

ಶಾಲೆ, ಊಟ, ಕಸುಬು ಇವೆಲ್ಲ ಇದ್ದರೂ ಗುಡಿಸಲು ಧಣಿಯ ನೆಲದಲ್ಲಿ ನಿಂತಿರುವವರೆಗೆ ಬಿಡುಗಡೆ ಪೂರ್ಣವಾಗುವುದಿಲ್ಲ. ಮಗನನ್ನು ಶಾಲೆಗೆ ಕಳುಹಿಸಿದ ತಪ್ಪಿಗೆ ತಂದೆಯನ್ನು ಒಕ್ಕಲೆಬ್ಬಿಸಬಹುದಾಗಿತ್ತು. ರಂಗರಾಯರು ಇದನ್ನು ಅರಿತು ಮಂಗಳೂರಿನ ಸುತ್ತಮುತ್ತ ಜಮೀನು ಸಂಪಾದಿಸಿ, ದಲಿತ ಮತ್ತು ಕೊರಗ ಕುಟುಂಬಗಳಿಗೆ ನಿವೇಶನಗಳನ್ನು ಹಂಚಿ, ಮನೆಗಳನ್ನು ಕಟ್ಟಿಸಿಕೊಟ್ಟರು. ಅತ್ತಾವರದ ಬಾಬುಗುಡ್ಡೆ, ಕಾಪಿಕಾಡು, ಬೋಳೂರು ಮುಂತಾದೆಡೆಯ ವಸತಿಗಳ ಇತಿಹಾಸವು ಈ ಪ್ರಯತ್ನದೊಂದಿಗೆ ಸೇರಿಕೊಂಡಿದೆ. ಸಾಲಕ್ಕಾಗಿ ಧಣಿಯ ಬಾಗಿಲಿಗೆ ಹೋಗುವುದನ್ನು ತಪ್ಪಿಸುವ ಉದ್ದೇಶದಿಂದ ಆದಿ ದ್ರಾವಿಡರ ಸಹಕಾರ ಸಂಘವನ್ನೂ ಆರಂಭಿಸಲಾಯಿತು.

ಸರ್ಕಾರದ ಕಡೆಯಿಂದಲೂ ಇದೇ ಕಾಲದಲ್ಲಿ ಒಂದು ಕ್ರಮ ಜರುಗಿತ್ತು. ಚೆಂಗಲ್ಪಟ್ಟಿನ ಕಲೆಕ್ಟರ್ ಟ್ರೆಮೆನ್‌ಹೀರ್ ಅವರು ಅಲ್ಲಿನ ದಲಿತ ಕೃಷಿ ಕಾರ್ಮಿಕರ ಸ್ಥಿತಿಯನ್ನು ಕುರಿತು ಸಲ್ಲಿಸಿದ ವರದಿಯ ಮೇಲೆ ಮದರಾಸು ಸರ್ಕಾರವು 1892ರ ಸೆಪ್ಟೆಂಬರ್ 30ರಂದು ಆದೇಶ ಹೊರಡಿಸಿ, ಈ ವರ್ಗಗಳಿಗೆ ಸರ್ಕಾರಿ ಜಮೀನನ್ನು ನೀಡಲು ಅವಕಾಶ ಕಲ್ಪಿಸಿತು. ಡಿಪ್ರೆಸ್ಡ್ ಕ್ಲಾಸಸ್ ಎಂಬ ಅಂದಿನ ಸರ್ಕಾರಿ ಹೆಸರು ದಕ್ಷಿಣ ಕನ್ನಡದ ಕಂದಾಯ ಕಡತಗಳಲ್ಲಿ ಡಿ.ಸಿ. ಮನ್ನಾ ಜಮೀನು ಎಂಬ ರೂಪದಲ್ಲಿ ಉಳಿದುಬಂದಿದೆ. ಅನೇಕರು ತಿಳಿದಿರುವಂತೆ ಇಲ್ಲಿನ ಡಿ.ಸಿ. ಎಂಬುದು ಜಿಲ್ಲಾಧಿಕಾರಿಯವರನ್ನು ಸೂಚಿಸುವ ಅಕ್ಷರಗಳಲ್ಲ.

ಸ್ಥಳೀಯ ಸಂಸ್ಥೆಗಳಲ್ಲಿ ದಲಿತರಿಗೆ ಪ್ರಾತಿನಿಧ್ಯ ದೊರೆಯಬೇಕೆಂದು ರಂಗರಾಯರು ಒತ್ತಾಯಿಸಿದರು. ಅದರ ಫಲವಾಗಿ ಈ ಸಮುದಾಯದ ವಿದ್ಯಾವಂತರು ಸದಸ್ಯರಾಗಿ ಪ್ರವೇಶಿಸುವಂತಾಯಿತು.

ಕುಟುಂಬ, ಮನ್ನಣೆ, ಕೊನೆಯ ದಿನಗಳು

ಸ್ವಂತ ಮನೆಯ ವಿಷಯದಲ್ಲಿಯೂ ರಂಗರಾಯರು ನುಡಿದಂತೆ ನಡೆದರು. ಪುತ್ರಿ ರಾಧಾಬಾಯಿಯವರಿಗೆ ಉನ್ನತ ಶಿಕ್ಷಣ ಕೊಡಿಸಿದರು. ಕುಮಾರಮಂಗಲಂ ಜಮೀನ್ದಾರರಾದ ಡಾ. ಪಿ. ಸುಬ್ಬರಾಯನ್ ಅವರೊಂದಿಗೆ ಆಕೆಯ ಅಂತರ್ಜಾತಿ ವಿವಾಹವು 1912ರಲ್ಲಿ ನಡೆಯಿತು. ಸುಬ್ಬರಾಯನ್ ಅವರು 1926ರಿಂದ 1930ರವರೆಗೆ ಮದರಾಸು ಪ್ರಾಂತ್ಯದ ಮುಖ್ಯಮಂತ್ರಿಯಾಗಿದ್ದರು. ರಾಧಾಬಾಯಿ ಸುಬ್ಬರಾಯನ್ ಅವರು 1930ರಲ್ಲಿ ಲಂಡನ್ನಿನಲ್ಲಿ ನಡೆದ ಮೊದಲನೆಯ ದುಂಡುಮೇಜಿನ ಪರಿಷತ್ತಿನಲ್ಲಿ ಭಾಗವಹಿಸಿದರು. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಪಿ.ಪಿ. ಕುಮಾರಮಂಗಲಂ, ಕೇಂದ್ರ ಸಚಿವರಾಗಿದ್ದ ಮೋಹನ್ ಕುಮಾರಮಂಗಲಂ, ಸಂಸದೆಯಾಗಿದ್ದ ಪಾರ್ವತಿ ಕೃಷ್ಣನ್ ಇವರು ರಂಗರಾಯರ ಮೊಮ್ಮಕ್ಕಳು.

ಸರ್ಕಾರವು ಅವರಿಗೆ ರಾವ್ ಸಾಹೇಬ್ ಎಂಬ ಬಿರುದನ್ನು ನೀಡಿ ಗೌರವಿಸಿತು. 1927ರಲ್ಲಿ ಸಂನ್ಯಾಸ ಸ್ವೀಕರಿಸಿ ಸ್ವಾಮಿ ಈಶ್ವರಾನಂದ ಎಂಬ ಹೆಸರನ್ನು ಪಡೆದರು. 1928ರ ಜನವರಿ 30ರಂದು ನಿಧನ ಹೊಂದಿದರು. ತಮ್ಮ ಅಂತ್ಯಕ್ರಿಯೆಯನ್ನು ತೋಟಿ ಸಮುದಾಯದವರು, ಅಂದರೆ ಊರಿನ ಮಲ ಬಳಿಯುವ ಕೆಲಸಕ್ಕೆ ಕಟ್ಟಲ್ಪಟ್ಟಿದ್ದವರು, ನೆರವೇರಿಸಬೇಕೆಂಬುದು ಅವರ ಕೊನೆಯ ಇಚ್ಛೆಯಾಗಿತ್ತು. 1934ರಲ್ಲಿ ಹರಿಜನ ಯಾತ್ರೆಯ ಸಂದರ್ಭದಲ್ಲಿ ಮಹಾತ್ಮಾ ಗಾಂಧಿಯವರು ಮಂಗಳೂರಿಗೆ ಬಂದಾಗ ರಂಗರಾಯರು ಬದುಕಿರಲಿಲ್ಲ.

ನಂತರದ ಕಾನೂನುಗಳು: ಅರ್ಜಿದಾರರು ಗಮನಿಸಬೇಕಾದ ಅಂಶಗಳು

ರಂಗರಾಯರು ದಾನದ ಹಣದಿಂದ ಮತ್ತು ಮನವೊಲಿಕೆಯಿಂದ ಸಾಧಿಸಲು ಯತ್ನಿಸಿದ ಅನೇಕ ಸಂಗತಿಗಳು ಮುಂದೆ ಹಕ್ಕುಗಳಾದವು. ಸಂವಿಧಾನದ 23ನೇ ಅನುಚ್ಛೇದವು ಬಲಾತ್ಕಾರದ ದುಡಿಮೆಯನ್ನು ನಿಷೇಧಿಸಿತು. ದೇವರಾಜ ಅರಸು ಅವರ ಸರ್ಕಾರದ ಅವಧಿಯಲ್ಲಿ, 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯು ಉಳುವ ಗೇಣಿದಾರನಿಗೆ ಭೂಮಿಯ ಒಡೆತನವನ್ನು ಕೊಟ್ಟಿತು. ಮೂಲದಾಳುಗಳಲ್ಲಿ ಬಹಳಷ್ಟು ಜನ ಗೇಣಿದಾರರೇ ಆಗಿರಲಿಲ್ಲವಾದ್ದರಿಂದ ಗದ್ದೆಯು ಅವರಿಗೆ ದೊರೆಯಲಿಲ್ಲ. ಕೃಷಿ ಕಾರ್ಮಿಕರ ವಾಸದ ಮನೆಗಳನ್ನು ಕುರಿತ ಅದೇ ಅಧಿನಿಯಮದ 38ನೇ ಕಲಮು ಅವರಿಗೆ ಒದಗಿದ ಪ್ರಮುಖ ಆಸರೆ.

ಜೀತ ಕಾರ್ಮಿಕ ಪದ್ಧತಿ (ರದ್ದಿಯಾತಿ) ಅಧಿನಿಯಮ, 1976 ದೇಶಾದ್ಯಂತ 1975ರ ಅಕ್ಟೋಬರ್ 25ರಿಂದ ಪೂರ್ವಾನ್ವಯವಾಗುವಂತೆ ಜಾರಿಗೆ ಬಂದಿತು. ಇದರ ಪ್ರಕಾರ ಜೀತದ ಸಾಲವನ್ನು ತೀರಿಸುವ ಹೊಣೆಯು ಕಾರ್ಮಿಕನ ಮೇಲೆ ಉಳಿಯುವುದಿಲ್ಲ. ಅದರ ವಸೂಲಿಗಾಗಿ ದಾವೆ ಹೂಡುವಂತಿಲ್ಲ. ಜೀತದ ಭಾಗವಾಗಿ ವಾಸಿಸುತ್ತಿದ್ದ ಮನೆಯಿಂದ ಬಿಡುಗಡೆಗೊಂಡ ಕಾರ್ಮಿಕನನ್ನು ಹೊರಹಾಕುವಂತಿಲ್ಲ. ಸಾಲವು ಜೀತದ ಸಾಲವೆಂದು ಕಾರ್ಮಿಕನು ಹೇಳಿದಲ್ಲಿ, ಹಾಗಲ್ಲವೆಂದು ರುಜುವಾತುಪಡಿಸುವ ಹೊಣೆಯು ಸಾಲ ಕೊಟ್ಟವನದು. ಈ ಕೊನೆಯ ಅಂಶವು ಅನೇಕ ಅರ್ಜಿದಾರರಿಗೆ ತಿಳಿದಿರುವುದಿಲ್ಲ. ಕೈಯಲ್ಲಿ ಕಾಗದಪತ್ರವಿಲ್ಲವೆಂಬ ಕಾರಣಕ್ಕೆ ಅರ್ಜಿ ಸಲ್ಲಿಸದೆ ಹಿಂಜರಿಯಬೇಕಾಗಿಲ್ಲ.

ಅಧಿನಿಯಮದಂತೆ ಜಿಲ್ಲೆ ಮತ್ತು ಉಪವಿಭಾಗ ಮಟ್ಟದಲ್ಲಿ ಜಾಗೃತ ಸಮಿತಿಗಳನ್ನು ರಚಿಸಬೇಕಾಗಿರುತ್ತದೆ. ಜೀತದಲ್ಲಿರುವವರು ಅಥವಾ ಅವರ ಪರವಾಗಿ ಯಾರೇ ಆದರೂ ಜಿಲ್ಲಾಧಿಕಾರಿಗಳಿಗೆ ಅಥವಾ ಉಪವಿಭಾಗಾಧಿಕಾರಿಗಳಿಗೆ ಮಾಹಿತಿ ನೀಡಬಹುದು. ವಿಚಾರಣೆಯ ನಂತರ ನೀಡಲಾಗುವ ಬಿಡುಗಡೆ ಪ್ರಮಾಣಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು. ಮುಂದಿನ ಪುನರ್ವಸತಿ ಸೌಲಭ್ಯಗಳಿಗೆ ಅದು ಆಧಾರ ದಾಖಲೆಯಾಗಿರುತ್ತದೆ. 2016ರ ಕೇಂದ್ರ ಪುನರ್ವಸತಿ ಯೋಜನೆಯಲ್ಲಿ ವಯಸ್ಕ ಪುರುಷರಿಗೆ 1 ಲಕ್ಷ ರೂ., ಮಹಿಳೆಯರು ಮತ್ತು ಮಕ್ಕಳಿಗೆ 2 ಲಕ್ಷ ರೂ. ಹಾಗೂ ತೀವ್ರ ಶೋಷಣೆಗೆ ಒಳಗಾದ ವಿಶೇಷ ವರ್ಗದವರಿಗೆ 3 ಲಕ್ಷ ರೂ. ನೆರವನ್ನು ನಿಗದಿಪಡಿಸಲಾಯಿತು. 2022ರ ಪರಿಷ್ಕರಣೆಯಲ್ಲಿ ತಕ್ಷಣದ ನೆರವಿನ ಮಿತಿಯನ್ನು 30,000 ರೂ.ಗಳಿಗೆ ಹೆಚ್ಚಿಸಲಾಯಿತು. ತಕ್ಷಣದ ನೆರವು ದೊರೆಯಲು ಆರೋಪಿಗೆ ಶಿಕ್ಷೆಯಾಗುವವರೆಗೆ ಕಾಯಬೇಕಾಗಿಲ್ಲ.

ಹಣದ ನೆರವು ಮಾತ್ರ ದೊರೆತು, ಮಕ್ಕಳ ಶಾಲೆ ಮತ್ತು ಮನೆಯ ವಿಷಯ ಹಾಗೆಯೇ ಉಳಿದ ಕುಟುಂಬಗಳು ಮತ್ತೆ ಮುಂಗಡ ಪಡೆದು ಕಟ್ಟುಬೀಳುವ ಸಂಭವ ಇದ್ದೇ ಇದೆ. ಆದ್ದರಿಂದ ಬಿಡುಗಡೆ ಪ್ರಮಾಣಪತ್ರ ದೊರೆತ ಕುಟುಂಬಗಳು ನಿವೇಶನ, ವಿದ್ಯಾರ್ಥಿನಿಲಯ ಪ್ರವೇಶ ಹಾಗೂ ವೃತ್ತಿ ತರಬೇತಿಯ ಅರ್ಜಿಗಳನ್ನು ಒಂದರ ನಂತರ ಒಂದೆಂದು ಮುಂದೂಡದೆ ಏಕಕಾಲದಲ್ಲಿ ಸಲ್ಲಿಸುವುದು ಒಳಿತು.

ಸ್ಮಾರಕಗಳು

ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾವ್ ಪುರಭವನ ಎಂದು ನಾಮಕರಣ ಮಾಡಲಾಗಿದೆ. ಅವರ ಸಮಾಧಿಯು ಅತ್ತಾವರದ ಬಾಬುಗುಡ್ಡೆಯಲ್ಲಿದ್ದು, ಜೂನ್ 29ರ ಜನ್ಮದಿನದಂದು ಅಲ್ಲಿ ಗೌರವ ಸಲ್ಲಿಸುವ ರೂಢಿ ಇದೆ. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗುವೊಂದು ದೊಡ್ಡ ಅಧಿಕಾರಿಯಾಗಿ, ತಮ್ಮ ಊರಿನ ಬೀದಿಯಲ್ಲಿ ವಾಹನದಲ್ಲಿ ಸಾಗುವಾಗ ಅದರ ಚಕ್ರದಿಂದ ಎದ್ದ ಧೂಳು ತಮ್ಮ ತಲೆಗೆ ತಾಗಬೇಕೆಂಬ ಆಸೆಯನ್ನು ಅವರು ಹೇಳಿಕೊಂಡಿದ್ದರು.